ಅಂಕ ಬಿಟ್ಟು ಸರದಿ ಎಣಿಸಿದೆವು: ನನ್ನ ಅನುಭವ

ಸೋಲುತ್ತಿರುವ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಯಾರು ಚೆನ್ನಾಗಿ ಆಡುತ್ತಿದ್ದಾರೆ ಅಂತ ಗ್ಯಾಲರಿಯಲ್ಲಿ ಕೇಳಿ ನೋಡಿ. ಹೆಚ್ಚು ಅಂಕ ಹಾಕಿದವಳನ್ನೇ ಎಲ್ಲರೂ ತೋರಿಸುತ್ತಾರೆ. ನಾವು ಬೆಂಬಲಿಸುವ ತಂಡದಲ್ಲಿ ಅದು 7ನೇ ನಂಬರ್. ಪಂದ್ಯಕ್ಕೆ ಹದಿನಾಲ್ಕು ಅಂಕ, ಎರಡೂ ಕೈಯಲ್ಲಿ ಲೇ-ಅಪ್ (ರಿಂಗ್ ಹತ್ತಿರ ಓಡಿ ಬಂದು ಹಾಕುವ ಶಾಟ್). ಎರಡು ಸೀಸನ್ ಲೆಕ್ಕ ಇಟ್ಟ ಮೇಲೆ ನಾನು ತೋರಿಸುವುದು 14ನ್ನು. ಅವಳು ಪಂದ್ಯಕ್ಕೆ ನಾಲ್ಕು ಅಂಕ ಹಾಕಿದರೆ ಹೆಚ್ಚು. ಮೊದಲ ವರ್ಷ ಈ ಮಾತನ್ನು ಜೊತೆಯಲ್ಲಿ ಕೂರುವವರೇ ನಂಬಲಿಲ್ಲ. ಈಗ ಕೋಚ್ ಪಂದ್ಯದ ಮಾರನೆಯ ದಿನ ನಮ್ಮ ಪುಸ್ತಕ ಕೇಳಿ ತರಿಸಿಕೊಳ್ಳುತ್ತಾರೆ.

ತೊಂದರೆ ಶುರುವಾಗುವುದು ಸ್ಕೋರ್‌ಶೀಟಿನಿಂದ. ಟೇಬಲ್‌ನಲ್ಲಿ ತುಂಬುವ ಹಾಳೆಯಲ್ಲಿ ಅಂಕ, ಫೌಲ್, ಟೈಮ್‌ಔಟ್ ಇಷ್ಟೇ ಇರುತ್ತದೆ. ತಪ್ಪಿದ ಶಾಟ್ ಇಲ್ಲ, ರೀಬೌಂಡ್ (ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಇಲ್ಲ, ಕೈಚೆಲ್ಲಿದ ಚೆಂಡು ಇಲ್ಲ. ಒಂಬತ್ತು ಶಾಟ್‌ಗೆ 14 ಅಂಕ ಹಾಕಿದವಳೂ ಇಪ್ಪತ್ತು ಶಾಟ್‌ಗೆ 14 ಹಾಕಿದವಳೂ ಅಲ್ಲಿ ಒಂದೇ. ಅಂತರರಾಷ್ಟ್ರೀಯ ಪಂದ್ಯವಾದರೆ ಬಾಸ್ಕೆಟ್‌ಬಾಲ್‌ನ ಜಾಗತಿಕ ಒಕ್ಕೂಟ ಫೀಬಾ ಪೂರ್ತಿ ಅಂಕಿಅಂಶ ಕೊಡುತ್ತದೆ. ನಮ್ಮ ಇಂಟರ್-ಕಾಲೇಜು ಪಂದ್ಯಕ್ಕೆ ನಾವೇ ಬರೆದುಕೊಳ್ಳಬೇಕು.

ಮೊದಲು ಮಾಡಿದ್ದು ಪಂದ್ಯ ಮುಗಿದ ಮೇಲೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುವುದು. ನಾಲ್ಕು ಜನ ಬೇರೆ ಬೇರೆ ಕೂತು ಬರೆದೆವು. ಐದಾರು ಪಂದ್ಯ ಆದ ಮೇಲೆ ನೋಡಿದರೆ ಎಲ್ಲರೂ ಕೊನೆಯ ಕ್ವಾರ್ಟರ್‌ಗೆ ಮಾತ್ರ ಮಾರ್ಕ್ಸ್ ಕೊಟ್ಟಿದ್ದೆವು. ಕೊನೆಯ ಐದು ನಿಮಿಷದಲ್ಲಿ ಒಂದು ಮೂರಂಕದ ಶಾಟ್ ಹಾಕಿದವಳಿಗೆ ಎಂಟು, ಮೊದಲ ಇಪ್ಪತ್ತು ನಿಮಿಷ ಗೇಯ್ದವಳಿಗೆ ಐದು. ಆ ಹಾಳೆಗಳನ್ನು ಬಿಸಾಡಿದೆವು.

ಆಮೇಲೆ ವಿಡಿಯೊ. ಟ್ರೈಪಾಡ್, ಪವರ್ ಬ್ಯಾಂಕ್, ಮೆಮೊರಿ ಕಾರ್ಡ್ ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಬೇಸ್‌ಲೈನ್ ಹಿಂದೆ ನಿಲ್ಲಿಸಿದರೆ ಆಚೆ ತುದಿಯ ಜರ್ಸಿ ನಂಬರ್ ಓದಲಾಗದು. ಸಂಜೆ ಹೊರಾಂಗಣದ ಸಿಮೆಂಟ್ ಕೋರ್ಟ್‌ನಲ್ಲಿ ಫ್ಲಡ್‌ಲೈಟ್ ಬಿದ್ದರೆ 6, 8, 9 ಮೂರೂ ಒಂದೇ ಥರ ಕಾಣುತ್ತವೆ. ಒಂದು ಪಂದ್ಯದ ವಿಡಿಯೊ ಬಿಡಿಸಿ ಬರೆಯಲು ಮೂರೂವರೆ ಗಂಟೆ. ಅದಕ್ಕಿಂತ ಮುಖ್ಯವಾಗಿ, ಹುಡುಗಿಯರ ಆಟವನ್ನು ಕೋಚ್ ಮತ್ತು ದೈಹಿಕ ಶಿಕ್ಷಣ ವಿಭಾಗದ ಅನುಮತಿಯಿಲ್ಲದೆ ಚಿತ್ರಿಸಲೇಬಾರದು. ಎದುರು ತಂಡದವರು ಆಕ್ಷೇಪ ಎತ್ತಿದರು. ಅವರು ಹೇಳಿದ್ದು ನ್ಯಾಯ, ಅವತ್ತೇ ನಿಲ್ಲಿಸಿದೆವು. ಪುಸ್ತಕದಲ್ಲೂ ಹೆಸರು ಬರೆಯುವುದಿಲ್ಲ, ನಂಬರ್ ಮಾತ್ರ. ಆಟ ಬಿಟ್ಟು ಬೇರೆ ಮಾತಿಗೆ ಅದರಲ್ಲಿ ಜಾಗವಿಲ್ಲ.

ಕೊನೆಗೆ ಕೈಹಿಡಿದದ್ದು ಎಪ್ಪತ್ತು ರೂಪಾಯಿಯ ಉದ್ದ ನೋಟ್‌ಬುಕ್, ಒಂದು ರಟ್ಟು, ಎರಡು ಪೆನ್ಸಿಲ್. ಪೆನ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ಒಬ್ಬರೇ ನೋಡಿ ಒಬ್ಬರೇ ಬರೆದರೆ ಕ್ವಾರ್ಟರ್‌ಗೆ ಮೂರು ನಾಲ್ಕು ಸರದಿ ತಪ್ಪಿಹೋಗುತ್ತವೆ, ಅದೂ ಹೆಚ್ಚಾಗಿ ಫಾಸ್ಟ್ ಬ್ರೇಕ್‌ಗಳೇ (ಡಿಫೆನ್ಸ್ ಕಟ್ಟಿಕೊಳ್ಳುವ ಮುಂಚೆಯೇ ಓಡಿ ಮಾಡುವ ದಾಳಿ). ಆದ್ದರಿಂದ ಇಬ್ಬರು ಬೇಕು. ಹೇಳುವವರು ಚೆಂಡಿನಿಂದ ಕಣ್ಣು ಕೀಳಬಾರದು, ಬರೆಯುವವರು ತಲೆ ಎತ್ತಬಾರದು. ಕೂರುವುದು ಹಾಫ್ ಲೈನ್ ನೇರಕ್ಕೆ, ಮೂರನೇ ಮೆಟ್ಟಿಲಲ್ಲಿ, ಬೆಂಚುಗಳ ಎದುರು ಬದಿಗೆ. ಬೆಂಚಿನ ಹಿಂದೆ ಕೂತರೆ ಕೋಚ್‌ನ ಕೂಗು ಕೇಳಿಸಿಕೊಂಡು ನಮ್ಮ ಲೆಕ್ಕವೂ ಆ ಕಡೆ ವಾಲುತ್ತದೆ, ಇದನ್ನು ಎರಡು ಪಂದ್ಯ ಮಾಡಿ ನೋಡಿದ್ದೇವೆ.

ಸರದಿ ಅಂದರೆ ಚೆಂಡು ನಮ್ಮ ಕೈಗೆ ಬಂದಲ್ಲಿಂದ ಅವರ ಕೈಗೆ ಹೋಗುವವರೆಗೆ. ಒಂದು ಸರದಿಗೆ ಒಂದು ಸಾಲು. ಸಾಲಿನಲ್ಲಿ ನಂಬರ್, ಪಕ್ಕದಲ್ಲಿ ಅಕ್ಷರ: ಹಾಕಿದರೆ ಹ, ತಪ್ಪಿದರೆ ತ, ಕಳೆದುಕೊಂಡರೆ ಕ. ನಾವೇ ರೀಬೌಂಡ್ ಹಿಡಿದರೆ ಹಿಡಿದವಳ ನಂಬರಿಗೆ ಸುತ್ತು ಹಾಕಿ ಅದೇ ಸಾಲಿನಲ್ಲಿ ಮುಂದುವರಿಸುವುದು. ಎದುರಿನವರು ಕಸಿದುಕೊಂಡು ಓಡಿದರೆ ಕ ಕೆಳಗೆ ಗೆರೆ. ಟ್ರಾವೆಲಿಂಗ್, ಮೂರು ಸೆಕೆಂಡ್, ಎಂಟು ಸೆಕೆಂಡ್‌ನಂಥ ನಿಯಮ ತಪ್ಪಿದ್ದಕ್ಕೆ ಸೀಟಿ ಊದಿ ಹೋದದ್ದಕ್ಕೆ ಗೆರೆ ಇಲ್ಲ. ಈ ಗೆರೆ ಬಹಳ ಮುಖ್ಯ. ಸೀಟಿ ಊದಿದರೆ ಡಿಫೆನ್ಸ್ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಕಸಿದು ಓಡಿದರೆ ಹತ್ತರಲ್ಲಿ ಆರು ಸಲವಾದರೂ ಎದುರಿಗೆ ಲೇ-ಅಪ್ ಬೀಳುತ್ತದೆ.

ಗದ್ದಲದಲ್ಲಿ "ಹನ್ನೊಂದು", "ಹನ್ನೆರಡು" ಒಂದೇ ಥರ ಕೇಳಿಸಿ ಒಂದು ಪಂದ್ಯದ ಲೆಕ್ಕವೇ ಕೆಟ್ಟಿತು. ಆಮೇಲಿಂದ "ಒಂದು-ಒಂದು", "ಒಂದು-ಎರಡು" ಅಂತ ಬಿಡಿಸಿ ಹೇಳುತ್ತೇವೆ. ಬದಲಿ ಬಂದಾಗಲೆಲ್ಲ ಅಂಕಣದಲ್ಲಿರುವ ಐದೂ ನಂಬರ್ ಪಕ್ಕದಲ್ಲಿ ಬರೆಯಬೇಕು. ಒಂದು ಸಲ ಮರೆತರೆ ಆ ಕ್ವಾರ್ಟರ್‌ನ ಐವರ ಲೆಕ್ಕ (ಯಾವ ಐವರು ಅಂಕಣದಲ್ಲಿದ್ದಾಗ ಏನಾಯಿತು ಅನ್ನುವುದು) ಕೈಬಿಟ್ಟ ಹಾಗೆಯೇ.

ಸರಿ ಬರೆದೆವೋ ಇಲ್ಲವೋ ನೋಡಲು ಎರಡು ಪರೀಕ್ಷೆ. ಸರದಿ ಒಂದಾದ ಮೇಲೊಂದು ಬದಲಾಗುವುದರಿಂದ ಒಂದು ಕ್ವಾರ್ಟರ್‌ನಲ್ಲಿ ಎರಡು ತಂಡಗಳ ಸರದಿಗೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ. ಬಂದರೆ ಎಲ್ಲೋ ಒಂದು ಸಾಲು ಹಾರಿದೆ. ಇನ್ನೊಂದು, ನಮ್ಮ ಹ ಮತ್ತು ಫ್ರೀ ಥ್ರೋ ಕೂಡಿಸಿದರೆ ಟೇಬಲ್ ಹಾಳೆಯ ಅಂಕಕ್ಕೆ ತಾಳೆಯಾಗಬೇಕು. ಶುರುವಿನಲ್ಲಿ ಕೈ ಪಳಗಿಸಲು 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್ ಹಾಕಿಕೊಂಡು ಬರೆದು, ಫೀಬಾ ಲೆಕ್ಕದ ಜೊತೆ ಹೋಲಿಸಿದೆವು. ಭಾರತ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿದ ಪಂದ್ಯ ಅದು. ಕಪ್ ಗೆಲ್ಲಲು ಒಂದು ಸರದಿಯ ಅಂತರ ಸಾಕಾಯಿತು. ಸರದಿ ಎಣಿಸುವುದು ಯಾಕೆ ಅಂತ ಕೇಳಿದವರಿಗೆ ಈ ಪಂದ್ಯವನ್ನೇ ತೋರಿಸುತ್ತೇನೆ.

ಮೊದಲ ಸೀಸನ್‌ನಲ್ಲಿ ಸ್ನೇಹಪಂದ್ಯ ಸೇರಿ ಒಂಬತ್ತು ಪಂದ್ಯ, ಗೆದ್ದದ್ದು ಒಂದು. ನಾಕೌಟ್‌ನಲ್ಲಿ ಸೋತರೆ ಮನೆಗೆ, ಹಾಗಾಗಿ ಸ್ನೇಹಪಂದ್ಯ ಬಿಟ್ಟರೆ ಎಣಿಸಲು ಏನೂ ಉಳಿಯುವುದಿಲ್ಲ. ಪಂದ್ಯಕ್ಕೆ ಸುಮಾರು 70 ಸರದಿ, 42 ಅಂಕ. ಅದರಲ್ಲಿ 28 ಸರದಿ ಕ! ಅರ್ಧಕ್ಕಿಂತ ಹೆಚ್ಚಿಗೆ ಗೆರೆ. ನಾವೆಲ್ಲ "ಶೂಟಿಂಗ್ ಇಲ್ಲ, ಶೂಟಿಂಗ್ ಇಲ್ಲ" ಅಂತ ಕೂಗುತ್ತಿದ್ದಾಗ ಚೆಂಡು ಹಾಫ್ ಲೈನೇ ದಾಟುತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಗೆಲುವು ನಿರ್ಧರಿಸುವ ನಾಲ್ಕು ಅಂಶಗಳಲ್ಲಿ ಶೂಟಿಂಗ್‌ಗೆ ನೂರರಲ್ಲಿ 40, ಟರ್ನ್‌ಓವರ್‌ಗೆ (ನಮ್ಮ ಕ) 25 ತೂಕ ಕೊಟ್ಟಿದ್ದಾರೆ. ನಮ್ಮ ಮಟ್ಟದ ಕಾಲೇಜು ಪಂದ್ಯಕ್ಕೆ ಅದನ್ನು ತಿರುಗಿಸಿ ಹಾಕಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

7ರ ಕೈಯಲ್ಲಿ ಮುಗಿಯುತ್ತಿದ್ದದ್ದು ಸುಮಾರು 28 ಸರದಿ, ಬಂದದ್ದು 14 ಅಂಕ. ಉಳಿದ ಎಲ್ಲರೂ ಸೇರಿ 42 ಸರದಿಗೆ 28 ಅಂಕ. ಹಾಗಂತ 7 ಕೆಟ್ಟ ಆಟಗಾರ್ತಿ ಅಲ್ಲ. ಎದುರಿನವರು ಫುಲ್ ಕೋರ್ಟ್ ಪ್ರೆಸ್ (ಇಡೀ ಅಂಕಣದಲ್ಲಿ ಬೆನ್ನುಹತ್ತಿ ತಡೆಯುವುದು) ಹಾಕಿದ ಕೂಡಲೇ ಗೆರೆಯಾಚೆಯಿಂದ ಕೊಡುವ ಇನ್‌ಬೌಂಡ್ ಪಾಸ್ ಸೈಡ್‌ಲೈನ್ ಮೂಲೆಯಲ್ಲಿ ಅವಳಿಗೇ ಹೋಗುತ್ತಿತ್ತು. ಎರಡು ಡ್ರಿಬಲ್ ಆಗುವಷ್ಟರಲ್ಲಿ ಇಬ್ಬರು ಮುತ್ತುತ್ತಿದ್ದರು. ಒಂದು ಕಡೆ ಸೈಡ್‌ಲೈನ್, ಎರಡು ಕಡೆ ಕೈ, ಉಳಿದದ್ದು ತಲೆಯ ಮೇಲಿಂದ ಉದ್ದ ಪಾಸ್. ಅದೇ ಗೆರೆ ಎಳೆದ ಕ.

14ರದು ಹಾಳೆಯಲ್ಲಿ ಕಾಣದ ಕೆಲಸ. ಶಾಟ್ ಕೈಬಿಟ್ಟ ಕ್ಷಣ ಬೇರೆಯವರು ಚೆಂಡು ನೋಡುತ್ತಾ ನಿಂತರೆ ಇವಳು ಮೊದಲು ಎದುರಾಳಿಯನ್ನು ನೋಡುತ್ತಾಳೆ. ಒಂದು ಕಾಲು ಊರಿ ತಿರುಗಿ, ಸೊಂಟ ತಗ್ಗಿಸಿ, ಬೆನ್ನಿಗೆ ಅವಳನ್ನು ಒತ್ತಿ ಹಿಡಿದು ರಿಂಗ್‌ನಿಂದ ಎರಡು ಹೆಜ್ಜೆ ಆಚೆಯೇ ನಿಲ್ಲಿಸುತ್ತಾಳೆ. ಚೆಂಡು ಪುಟಿದು ಗಾರ್ಡ್ ಕೈಗೆ ಬೀಳುತ್ತದೆ, ಚಪ್ಪಾಳೆ ಗಾರ್ಡ್‌ಗೆ. ಅವಳ ಹೆಸರಿಗೆ ಪಂದ್ಯಕ್ಕೆ ಮೂರೇ ರೀಬೌಂಡ್. ಆದರೆ ಅವಳು ಅಂಕಣದಲ್ಲಿದ್ದಾಗ ಎದುರಿನವರು ತಪ್ಪಿದ ಐದು ಶಾಟ್‌ಗಳಲ್ಲಿ ಒಂದನ್ನು ಮರಳಿ ಹಿಡಿಯುತ್ತಿದ್ದರು, ಅವಳು ಬೆಂಚಿನಲ್ಲಿದ್ದಾಗ ಎರಡನ್ನು. ಇದು ಹೊಳೆದ ಮೇಲೆ ಬಾಕ್ಸ್-ಔಟ್ (ಎದುರಾಳಿಯನ್ನು ಹೀಗೆ ಬೆನ್ನಿಗೆ ಒತ್ತಿ ತಡೆಯುವುದು) ಎಣಿಸಲೆಂದೇ ಮೂರನೆಯವರನ್ನು ಕೂರಿಸಿದೆವು.

ಐವರ ಲೆಕ್ಕದಲ್ಲಿ ಒಂದು ಎಚ್ಚರ: ಅಂತರ 25 ದಾಟಿದ ಮೇಲಿನ ಕೊನೆಯ ಮೂರು ನಾಲ್ಕು ನಿಮಿಷ ಸೇರಿಸಬೇಡಿ. ಆಗ ಎದುರು ತಂಡ ಪ್ರೆಸ್ ತೆಗೆದು ಬೆಂಚಿನವರನ್ನು ಇಳಿಸಿರುತ್ತದೆ, ನಮ್ಮವರೆಲ್ಲ ಚೆನ್ನಾಗಿ ಕಾಣುತ್ತಾರೆ. ಇನ್ನು ಪಾಸ್ ಕೈತಪ್ಪಿದಾಗ ಕ ಯಾರ ಲೆಕ್ಕಕ್ಕೆ, ಕೊಟ್ಟವಳಿಗೋ ಹಿಡಿಯದವಳಿಗೋ? ಇದಕ್ಕೆ ನಮ್ಮದೇ ಒಂದು ನಿಯಮವಿದೆ. ಆರು ಪಂದ್ಯ ಜಗಳವಾಡಿ ಮಾಡಿಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಫ್ರೀ ಥ್ರೋ ಮೂರರಲ್ಲಿ ಒಂದು ಮಾತ್ರ ಬೀಳುತ್ತಿತ್ತು, ತಪ್ಪಿದ್ದೆಲ್ಲ ರಿಂಗ್‌ನ ಹಿಂಭಾಗಕ್ಕೆ ಬಡಿಯುತ್ತಿತ್ತು. ವಿಚಾರಿಸಿದರೆ ಅಭ್ಯಾಸ ನಡೆಯುತ್ತಿದ್ದದ್ದು ಹುಡುಗರ ತಂಡ ಬಿಟ್ಟ 7ನೇ ಸೈಜ್ ಚೆಂಡಿನಲ್ಲಿ. ಪಂದ್ಯದ 6ನೇ ಸೈಜ್‌ಗಿಂತ ಸುತ್ತಳತೆ ಒಂದು ಇಂಚು, ತೂಕ ಎರಡು ಔನ್ಸ್ ಜಾಸ್ತಿ. ನಾವು ಚಂದಾ ಎತ್ತಿ 6ನೇ ಸೈಜ್‌ನ ಎರಡು ಚೆಂಡು ಕೊಡಿಸಿದೆವು, ಎರಡೂ ಸೇರಿ ಎರಡೂವರೆ ಸಾವಿರ. ಒಂದೂವರೆ ತಿಂಗಳಲ್ಲಿ ಅರ್ಧದಷ್ಟು ಬೀಳತೊಡಗಿದವು. ಪೂರ್ತಿ ಚೆಂಡಿನಿಂದಲೇ ಅಂತ ಹೇಳಲಾರೆ, ಅದೇ ವೇಳೆಗೆ ಅಭ್ಯಾಸದ ಕೊನೆಯಲ್ಲಿ ದಿನಕ್ಕೆ 50 ಫ್ರೀ ಥ್ರೋ ಹೊಡೆಸಲೂ ಶುರು ಮಾಡಿದ್ದರು.

ಎರಡನೇ ಸೀಸನ್‌ಗೆ ಕೋಚ್ ಎರಡು ಬದಲಾವಣೆ ಮಾಡಿದರು. ಪ್ರೆಸ್ ಬಂದಾಗ ಮೊದಲ ಪಾಸ್ 11ಕ್ಕೆ, ಮಧ್ಯದಲ್ಲಿ 14, 7 ಹಾಫ್ ಲೈನ್ ಹತ್ತಿರ ಓಡುತ್ತಾ ಹಿಡಿಯುವುದು. 14ಕ್ಕೆ ಹದಿನೈದು ನಿಮಿಷದ ಬದಲು ಮೂವತ್ತು. ಕ ಇಪ್ಪತ್ತರ ಆಸುಪಾಸಿಗೆ ಇಳಿಯಿತು, ಹತ್ತರಲ್ಲಿ ನಾಲ್ಕು ಪಂದ್ಯ ಗೆದ್ದರು. 7ರ ಅಂಕ ಹನ್ನೆರಡಕ್ಕೆ ಬಂತು, ಅವಳು ತಿಂದ ಸರದಿ ಹದಿನೆಂಟಕ್ಕೆ. ಅವಳ ಆಟ ನಿಜವಾಗಿ ಅರಳಿದ್ದು ಆಗಲೇ.

14 ಈ ವರ್ಷ ಕೊನೆಯ ಸೆಮಿಸ್ಟರ್. ಹೊಸದಾಗಿ ಬಂದ, ರಿಂಗ್ ಹತ್ತಿರ ಆಡುವ ಇಬ್ಬರು ಪೋಸ್ಟ್ ಹುಡುಗಿಯರಿಗೆ ಬಾಕ್ಸ್-ಔಟ್ ಕಾಲಂ ತೆರೆದಿದ್ದೇವೆ. ಎರಡು ಸ್ನೇಹಪಂದ್ಯದಲ್ಲಿ ಒಬ್ಬಳಿಗೆ ಮೂವತ್ತರಲ್ಲಿ ಒಂಬತ್ತು, ಇನ್ನೊಬ್ಬಳಿಗೆ ಹದಿನೇಳು. ಎತ್ತರ ಕಡಿಮೆ ಇರುವವಳದೇ ಹದಿನೇಳು.