ಫೀನಿಕ್ಸ್ ಸೀಮೆಯಲ್ಲಿ ಕೈತೋಟ: ಯಾರನ್ನು ಕೇಳಬೇಕು, ಏನು ಕೇಳಬೇಕು

ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆ ಹೊಸದಾಗಿ ಮನೆ ಮಾಡಿದ ಕನ್ನಡಿಗರಲ್ಲಿ ಬಹಳ ಮಂದಿ ಮೇ ತಿಂಗಳಲ್ಲಿ ಟೊಮೆಟೊ ಸಸಿ ನೆಡುತ್ತಾರೆ. ಬೀಜದ ಪೊಟ್ಟಣದ ಮೇಲೆ ಹಾಗೇ ಬರೆದಿರುತ್ತದೆ, ನ್ಯೂಜೆರ್ಸಿಯಲ್ಲಿರುವ ನೆಂಟರೂ ಅದನ್ನೇ ಹೇಳುತ್ತಾರೆ. ಜೂನ್ ಮುಗಿಯುವಷ್ಟರಲ್ಲಿ ಗಿಡ ಸುಟ್ಟು ಕರಕಲಾಗಿರುತ್ತದೆ. ಕೈಗುಣ ಸರಿಯಿಲ್ಲವೆಂದು ಬೇಸರಪಡಬೇಡಿ. ಫೀನಿಕ್ಸ್ ಸುತ್ತಲಿನ ಈ ಕಣಿವೆಯಲ್ಲಿ ವರ್ಷಕ್ಕೆ ಬೀಳುವುದೇ ಏಳೆಂಟು ಇಂಚು ಮಳೆ. 2023ರ ಬೇಸಿಗೆಯಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ. ಅಷ್ಟು ಕಾವಿನಲ್ಲಿ ಟೊಮೆಟೊ ಹೂ ಕಾಯಿ ಕಚ್ಚುವುದಿಲ್ಲ. ಇಲ್ಲಿ ಅದರ ಸಸಿ ಊರಬೇಕಾದದ್ದು ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನೊಳಗೆ. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಬಟಾಣಿ ಎಲ್ಲ ಬೇಸಿಗೆ ಇಳಿದ ಮೇಲಿನ ಬೆಳೆ. ಉರಿಬಿಸಿಲಿಗೆ ನಿಲ್ಲುವುದು ಬೆಂಡೆ, ಅಲಸಂದೆ, ಹರಿವೆ, ಬಸಳೆ. ಬಸಳೆಗೂ ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಬೇಕು.

ಈ ತಿಂಗಳುಗಳನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಅರಿಝೋನಾ ವಿಶ್ವವಿದ್ಯಾಲಯದ ಕೋಆಪರೇಟಿವ್ ಎಕ್ಸ್‌ಟೆನ್ಷನ್ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಗೆಂದೇ ತರಕಾರಿ ನೆಡುವ ಕ್ಯಾಲೆಂಡರ್ ಹೊರತಂದಿದೆ. ಅದರ ಪ್ರಕಟಣೆ ಸಂಖ್ಯೆ ಎಝಡ್1005, ಉಚಿತವಾಗಿ ಸಿಗುತ್ತದೆ. ಯಾವ ತರಕಾರಿ ಯಾವ ತಿಂಗಳು, ಬೀಜವೋ ಸಸಿಯೋ ಎಂದು ಒಂದೊಂದಕ್ಕೂ ಬೇರೆ ಬೇರೆ ಗುರುತು ಹಾಕಿದ್ದಾರೆ. ಅದನ್ನು ಮುದ್ರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ, ಬೇರೆ ಯಾರ ಮಾತಿಗಿಂತಲೂ ಅದನ್ನೇ ನಂಬಿ. ಟೂಸಾನ್‌ನಲ್ಲಿರುವವರು ಪಿಮಾ ಕೌಂಟಿಯದನ್ನು ನೋಡಬೇಕು. ಆ ಊರು ಸುಮಾರು 2,400 ಅಡಿ ಎತ್ತರದಲ್ಲಿದೆ, ಫೀನಿಕ್ಸ್ 1,100 ಅಡಿಯಲ್ಲಿ. 7,000 ಅಡಿಯ ಫ್ಲಾಗ್‌ಸ್ಟಾಫ್‌ಗೆ ಇವೆರಡೂ ಹೊಂದುವುದಿಲ್ಲ.

ಎಕ್ಸ್‌ಟೆನ್ಷನ್ ಅಂದರೆ ನಮ್ಮ ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಸೇರಿದ ಹಾಗೆ. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು: ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡದ್ದು ಕೌಂಟಿ ಕಚೇರಿಯ ಮೂಲಕ ಜನರಿಗೆ ತಲುಪಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು 1964ರಲ್ಲಿ ಕಟ್ಟಿದ್ದೂ ಇದೇ ಮಾದರಿಯಲ್ಲಿ. ಹಾಗಾಗಿ ಜಿಕೆವಿಕೆಗೆ ಹೋಗಿ ಸಸಿ ತಂದು, ಸಲಹೆ ಕೇಳಿ ಅಭ್ಯಾಸವಿದ್ದವರಿಗೆ ಇಲ್ಲಿ ಅಪರಿಚಿತವೆನಿಸುವುದಿಲ್ಲ. ವ್ಯತ್ಯಾಸವಿಷ್ಟೇ, ಮನೆ ತೋಟದವರಿಗೆ ಉತ್ತರಿಸುವವರು ಹೆಚ್ಚಾಗಿ ಮಾಸ್ಟರ್ ಗಾರ್ಡನರ್‌ಗಳು, ಅಂದರೆ ತರಬೇತಿ ಪಡೆದ ಸ್ವಯಂಸೇವಕರು. ಪೌರತ್ವ, ವೀಸಾ ಯಾವುದನ್ನೂ ಕೇಳುವುದಿಲ್ಲ.

ಅವರಿಗೆ ಪ್ರಶ್ನೆ ಕಳಿಸುವುದಕ್ಕೂ ಒಂದು ಕ್ರಮವಿದೆ. 'ನಿಂಬೆ ಎಲೆ ಹಳದಿಯಾಗಿದೆ, ಏನು ಮಾಡಲಿ?' ಎಂದಷ್ಟೇ ಬರೆದರೆ ಅವರು ಮತ್ತೆ ಹತ್ತು ಪ್ರಶ್ನೆ ಕೇಳಬೇಕಾಗುತ್ತದೆ. ಇಡೀ ಗಿಡದ ಒಂದು ಚಿತ್ರ, ಎಲೆಯ ಮೇಲ್ಭಾಗ ಮತ್ತು ತಳಭಾಗದ ಒಂದೊಂದು, ಬುಡದ ಮಣ್ಣು ಮತ್ತು ಡ್ರಿಪ್ಪರ್ ಕಾಣುವಂತೆ ಇನ್ನೊಂದು ಕಳಿಸಿ. ಯಾವಾಗ ನೆಟ್ಟಿರಿ, ವಾರಕ್ಕೆ ಎಷ್ಟು ಸಲ ಎಷ್ಟು ನಿಮಿಷ ನೀರು ಬಿಡುತ್ತೀರಿ, ಡ್ರಿಪ್ಪರ್ ಗಂಟೆಗೆ ಎಷ್ಟು ಗ್ಯಾಲನ್, ಗಿಡ ಯಾವ ದಿಕ್ಕಿನ ಗೋಡೆಗೆ ಒತ್ತಿದೆ ಎಂದು ಬರೆಯಿರಿ. ಪಡುವಣ ಬಿಸಿಲು ಕುಡಿದ ಕಾಂಪೌಂಡ್ ಗೋಡೆ ರಾತ್ರಿ ಬಹಳ ಹೊತ್ತು ಕಾವು ಉಗುಳುತ್ತಲೇ ಇರುತ್ತದೆ. ಹಾಗಾಗಿ ದಿಕ್ಕು ಹೇಳದೆ ಉತ್ತರ ಸರಿಯಾಗಿ ಸಿಗುವುದಿಲ್ಲ. ಮಣ್ಣಿನ ಪರೀಕ್ಷೆಯನ್ನು ಅವರೇ ಮಾಡಿಕೊಡುತ್ತಾರೆಂದು ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡು ಹೋಗಬೇಡಿ. ಖಾಸಗಿ ಪ್ರಯೋಗಾಲಯಗಳ ಪಟ್ಟಿ ಕೊಡುತ್ತಾರೆ.

ಇನ್ನು ಹಳದಿ ಎಲೆಯ ವಿಚಾರ. ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಆದರೆ ಇಲ್ಲಿಯ ಮಣ್ಣು ಸುಣ್ಣದ ಮಣ್ಣು, ಪಿಎಚ್ 8ರ ಆಸುಪಾಸು, ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಅಂಗಡಿಯಲ್ಲಿ ಇಡಿಡಿಎಚ್‌ಎ ರೂಪದ ಕಬ್ಬಿಣವೇ ಬೇಕೆಂದು ಕೇಳಿ, ಉಳಿದ ಕೀಲೇಟುಗಳು (ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಸಂಯುಕ್ತಗಳು) ಇಷ್ಟು ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಮೊದಲು ನೀರು ಹೆಚ್ಚಾಗಿಲ್ಲವೇ ನೋಡಿ, ಸದಾ ತೇವದಲ್ಲಿರುವ ಬೇರೂ ಇದೇ ಲಕ್ಷಣ ತೋರಿಸುತ್ತದೆ. ಊರಿನ ಅಭ್ಯಾಸದಂತೆ ಗಿಡದ ಬುಡಕ್ಕೆ ಒಲೆ ಬೂದಿ ಹಾಕುವುದನ್ನು ಇಲ್ಲಿ ದಯವಿಟ್ಟು ಬಿಡಿ. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ, ಸುಣ್ಣ ಒಳ್ಳೆಯದು. ಇಲ್ಲಿ ಅದೇ ರೋಗ ಹೆಚ್ಚಿಸುತ್ತದೆ.

ಪಿಕಾಸಿ ಹಿಡಿಯುವ ಮುಂಚೆ 811ಕ್ಕೆ ಫೋನ್ ಮಾಡಿ. ಖರ್ಚಿಲ್ಲ. ಕನಿಷ್ಠ ಎರಡು ಪೂರ್ತಿ ಕೆಲಸದ ದಿನ ಮೊದಲೇ ಹೇಳಬೇಕು. ಗ್ಯಾಸ್, ವಿದ್ಯುತ್, ಕೇಬಲ್ ಎಲ್ಲಿ ಹಾದಿವೆಯೆಂದು ನೆಲದ ಮೇಲೆ ಬಣ್ಣದಲ್ಲಿ ಗುರುತಿಸುತ್ತಾರೆ. ಆದರೆ ನಿಮ್ಮದೇ ಡ್ರಿಪ್ ಪೈಪು, ಈಜುಕೊಳದ ಪೈಪು ಅವರು ಗುರುತಿಸುವುದಿಲ್ಲ. ಆಮೇಲೆ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಕೆಳಗೆ ಕಲೀಚೆ ಇದೆ ಎಂದು ಅನುಮಾನಿಸಬೇಕು. ಸುಣ್ಣ ಹೆಪ್ಪುಗಟ್ಟಿ ಬಿಳಿ ಕಾಂಕ್ರೀಟಿನಂತಾದ ಪದರವದು. ತೆಳುವಾಗಿದ್ದರೆ ಒಡೆದು ತೂತು ಕೊರೆಯಬಹುದು, ದಪ್ಪವಿದ್ದರೆ ತರಕಾರಿಗೆ 12 ಇಂಚು ಎತ್ತರದ ಮಡಿ ಕಟ್ಟುವುದೇ ಸರಿ. ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇರುವ ಬಡಾವಣೆಯಲ್ಲಿ ಮನೆಯ ಮುಂಭಾಗದಲ್ಲಿ ಮಡಿ ಕಟ್ಟುವ ಮುನ್ನ ನಿಯಮಾವಳಿ ಓದಿ, ಲಿಖಿತ ಒಪ್ಪಿಗೆ ಪಡೆಯಿರಿ.

ಕುದುರೆ ಲಾಯಗಳವರು ಗೊಬ್ಬರ ಬಿಟ್ಟಿ ಕೊಡುತ್ತಾರೆ, ತರುವ ಆಸೆಯೂ ಸಹಜ. ಹುಲ್ಲಿಗೆ ಹೊಡೆದ ಕೆಲವು ಕಳೆನಾಶಕಗಳು ಕುದುರೆಯ ಹೊಟ್ಟೆ ದಾಟಿ, ತಿಪ್ಪೆಯಲ್ಲಿ ಕೊಳೆತರೂ ಸಾಯುವುದಿಲ್ಲ. ಆ ಗೊಬ್ಬರ ಬೆರೆಸಿದ ಮಣ್ಣನ್ನು ಎರಡು ಮೂರು ಕುಂಡಕ್ಕೆ, ಬರೀ ಮಣ್ಣನ್ನು ಇನ್ನೊಂದಕ್ಕೆ ತುಂಬಿ, ಎಲ್ಲದಕ್ಕೂ ಹುರುಳಿಕಾಯಿ ಬೀಜ ಹಾಕಿ ಮೂರು ವಾರ ನೋಡಿ. ಗೊಬ್ಬರದ ಕುಂಡದ ಎಲೆ ಬಟ್ಟಲಿನಂತೆ ಮುದುಡಿ, ಕುಡಿ ಸುರುಳಿ ಸುತ್ತಿದರೆ ಒಂದು ಬುಟ್ಟಿಯೂ ತೋಟಕ್ಕೆ ಬೇಡ.

ಮಧ್ಯ ಫೀನಿಕ್ಸ್, ಟೆಂಪಿ, ಮೆಸಾದ ಹಳೆಯ ಬಡಾವಣೆಗಳಲ್ಲಿ ಬಾಡಿಗೆಗೋ ಕೊಳ್ಳಲೋ ಮನೆ ಹುಡುಕುವಾಗ ಒಂದು ಪ್ರಶ್ನೆ ಮರೆಯಬೇಡಿ: ಈ ಜಾಗಕ್ಕೆ ಎಸ್‌ಆರ್‌ಪಿ (ಸಾಲ್ಟ್ ರಿವರ್ ಪ್ರಾಜೆಕ್ಟ್ ಎಂಬ ನೀರಾವರಿ ಸಂಸ್ಥೆ) ಕಾಲುವೆ ನೀರು ಇದೆಯೇ? ಹಕ್ಕು ನೆಲಕ್ಕೆ ಅಂಟಿಕೊಂಡಿರುತ್ತದೆ, ಎಸ್‌ಆರ್‌ಪಿಗೆ ವಿಳಾಸ ಹೇಳಿ ವಿಚಾರಿಸಬಹುದು. ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಸರದಿ ಬರುತ್ತದೆ. ಆ ಹೊತ್ತಿಗೆ, ನಡುರಾತ್ರಿಯಾದರೂ, ಎದ್ದು ತೂಬು ತೆರೆಯಬೇಕು. ಬದು ಕಟ್ಟಿದ ಹಿತ್ತಿಲು ಗದ್ದೆಯಂತೆ ತುಂಬುತ್ತದೆ. ಮಾವು, ದಾಳಿಂಬೆ, ಕಿತ್ತಳೆ ಬೆಳೆಸುವವರಿಗೆ ಇದು ದೊಡ್ಡ ಭಾಗ್ಯ. ಡ್ರಿಪ್ ಇರುವವರು ಪ್ರತಿ ಸಲ ನೀರು ಎಷ್ಟು ಆಳಕ್ಕೆ ಇಳಿಯಿತೆಂದು ಉದ್ದ ಸರಳು ಚುಚ್ಚಿ ನೋಡಬೇಕು: ತರಕಾರಿಗೆ 1 ಅಡಿ, ಪೊದೆಗೆ 2, ಮರಕ್ಕೆ 3. ಒದ್ದೆ ಇರುವಷ್ಟು ಆಳ ಸರಳು ಸಲೀಸಾಗಿ ಇಳಿದು ಒಣಮಣ್ಣಿಗೆ ನಿಲ್ಲುತ್ತದೆ. ದಿನವೂ ಐದು ನಿಮಿಷ ಬಿಟ್ಟರೆ ನೀರಿನ ಉಪ್ಪು ಮೇಲ್ಪದರದಲ್ಲೇ ಕೂತು ಎಲೆಯಂಚು ಸುಡುತ್ತದೆ.

ಬೀಜಕ್ಕೆ ಟೂಸಾನ್‌ನ ನೇಟಿವ್ ಸೀಡ್ಸ್ ಸರ್ಚ್ ಒಳ್ಳೆಯ ಜಾಗ. 1983ರಿಂದ ಈ ಮರುಭೂಮಿಯ ಮೂಲನಿವಾಸಿಗಳ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಸಂಸ್ಥೆ. ಅಲ್ಲಿ ಸಿಗುವ ಟೆಪರಿ ಬೀನ್ಸ್ ಮಳೆಗಾಲದಲ್ಲಿ ಬಿತ್ತಿ, ಒಣಗಿಸಿ, ನೆನೆಸಿ ಬೇಯಿಸಿದರೆ ಉಸಲಿಗೆ, ಸಾರಿಗೆ ಚೆನ್ನ. ಪಿಮಾ ಕೌಂಟಿಯ ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆ ಬೀಜವನ್ನೂ ಒಯ್ಯಬಹುದು. ಆರ್ಮೀನಿಯನ್ ಸೌತೆ ಎಂಬುದನ್ನು ಬಿಡಬೇಡಿ. ಅದು ಕರಬೂಜದ ಜಾತಿ, ನಮ್ಮ ಮಂಗಳೂರು ಸೌತೆಯ ಹತ್ತಿರದ ನೆಂಟ, ಬಿಸಿಲಿಗೆ ಜಗ್ಗದು. ಊರಿಂದ ಬೀಜ ತರುವುದಾದರೆ ಒಂದೋ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲವೇ ಅಮೆರಿಕದ ಕೃಷಿ ಇಲಾಖೆಯ ಸಣ್ಣ ಪ್ರಮಾಣದ ಬೀಜದ ಪರ್ಮಿಟ್ ಮುಂಚೆಯೇ ತೆಗೆದುಕೊಂಡಿರಬೇಕು. ಪರ್ಮಿಟ್ ಇದ್ದರೂ ಎಲ್ಲ ಜಾತಿಗೂ ಅನುಮತಿ ಇಲ್ಲ. ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರಬೇಡಿ.

ಎಲ್ಲರೂ ಕೇಳುವುದು ಕರಿಬೇವು. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಹರಡುವ ಸಿಲ್ಲಿಡ್ ಕೀಟಕ್ಕೆ ಕರಿಬೇವು ಬಲು ಇಷ್ಟ. ಅದಕ್ಕಾಗಿ ಕ್ಯಾಲಿಫೋರ್ನಿಯಾದ ಸ್ನೇಹಿತರ ಮನೆಯಿಂದ ಕಾರಿನಲ್ಲಿ ಗಿಡ ತರುವಂತಿಲ್ಲ. ಕನ್ನಡ ಸಂಘದ ಹಬ್ಬದೂಟದಲ್ಲಿ ವಿಚಾರಿಸಿ, ಪರವಾನಗಿ ಇರುವ ಯಾವ ಸ್ಥಳೀಯ ನರ್ಸರಿಯಲ್ಲಿ ಸಿಗುತ್ತದೆಂದು ಹೇಳುವವರು ಇದ್ದೇ ಇರುತ್ತಾರೆ. ಕುಂಡದಲ್ಲಿ ಬೆಳೆಸಿ. ಡಿಸೆಂಬರ್, ಜನವರಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯ ರಾತ್ರಿ ಒಳಗಿಡಿ, ಇಲ್ಲವೇ ಹಳೆ ಬೆಡ್‌ಶೀಟ್ ನೆಲ ಮುಟ್ಟುವಂತೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಬೇಡ, ಅದು ತಾಗಿದ ಎಲೆಯೆಲ್ಲ ಕಪ್ಪಾಗುತ್ತದೆ.