ಕರಿಕೆಯ ಕಣೆ, ಭತ್ತದ ಕಣೆ: ಒಳಗಿನ ನೊಣ ಒಂದೇನಾ, ಬೇರೇನಾ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ನೀರು ತಡವಾಗಿ ಬಂದು ನಾಟಿ ಹಿಂದೆ ಬಿದ್ದರೆ ಭತ್ತಕ್ಕೆ ಕಣೆ ನೊಣದ ಕಾಟ ಹೆಚ್ಚು. ಸುಳಿ ಬರಬೇಕಾದಲ್ಲಿ ಈರುಳ್ಳಿ ಎಲೆಯಂಥ ಬಿಳಿ ಕೊಳವೆ ಏಳುತ್ತದೆ, ಅದೇ ಕಣೆ. ಬದುವಿನ ಕರಿಕೆ ಹುಲ್ಲಿನಲ್ಲೂ ಕಣೆ ಸಿಕ್ಕರೆ ಎರಡೂ ಒಂದೇ ನೊಣದ್ದು ಎಂದುಕೊಳ್ಳಬೇಡಿ. ಗಿಡ ಬೇರೆ ಎಂದ ಮಾತ್ರಕ್ಕೆ ಹೊಸ ಪ್ರಭೇದ ಎಂದೂ ಹೇಳಬೇಡಿ. ಭತ್ತದ ಓರ್ಸಿಯೋಲಿಯಾ ಒರೈಝೆಗೆ 1889ರಲ್ಲೇ ಹೆಸರಿಟ್ಟಿದ್ದಾರೆ. ಕರಿಕೆಯ ಓರ್ಸಿಯೋಲಿಯಾ ಸೈನೊಡೊಂಟಿಸ್‌ಗೂ ಹೆಸರಿದೆ. ಆಫ್ರಿಕಾದ ಭತ್ತದ ನೊಣವನ್ನು ಬಹುಕಾಲ ಏಷ್ಯಾದ್ದೇ ಎಂದು ಎಣಿಸಿ, 1982ರಲ್ಲಷ್ಟೇ ಒರೈಝಿವೋರಾ ಎಂದು ಬೇರ್ಪಡಿಸಿದರು. ಕಣೆ ನೋಡಿ ತೀರ್ಮಾನಿಸಿದರೆ ಹೀಗೇ ಆಗುತ್ತದೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ, ತುದಿಯಲ್ಲಿ ಇನ್ನೂ ತೂತು ಬೀಳದ ಕಣೆಗಳನ್ನು ಬುಡಸಮೇತ ಕೀಳಿ. ಪ್ರತಿ ಗಿಡಜಾತಿಯಿಂದ ಕನಿಷ್ಠ 30 ಇರಲಿ. ಹತ್ತನ್ನು ಸೀಳಿ, ಸಿಕ್ಕ ಮರಿಹುಳು ಮತ್ತು ಕೋಶಗಳನ್ನು (ಹುಳು ನೊಣವಾಗುವ ಮುಂಚಿನ ಹಂತ) 70% ಆಲ್ಕೋಹಾಲ್‌ಗೆ ಹಾಕಿ. ಡಿಎನ್‌ಎಗೆಂದು ಇಡುವ ನಾಲ್ಕೈದು ಹುಳುಗಳಿಗೆ 95% ಅಥವಾ ಹೆಚ್ಚಿನದೇ ಬೇಕು, ಫ್ರೀಜರ್‌ನಲ್ಲಿಡಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಬಾಟಲಿಯ ಒಳಗೆ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ಗೆ ಕರಗಿ ಹೋಗುತ್ತದೆ.

ಉಳಿದವನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ, ಬಾಯಿಗೆ ತೆಳು ಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಒಂದೊಂದಾಗಿಯೇ ಇಡಿ. ಮುಚ್ಚಳ ಬಿಗಿದರೆ ರಾಯಚೂರಿನ ಸೆಕೆಗೆ ಒಳಗೆ ಬೆವರಿ, ಹೊರಬಂದ ನೊಣ ಹನಿಗೆ ಅಂಟಿ ಕಾಲು ರೆಕ್ಕೆ ಕಳೆದುಕೊಳ್ಳುತ್ತದೆ. ನೊಣ ಹೊರಬೀಳುವುದು ರಾತ್ರಿ. ಬೆಳಿಗ್ಗೆ ಕಣೆಯ ತುದಿಗೆ ಲೆನ್ಸ್ ಹಿಡಿದರೆ ತೂತಿನಿಂದ ಅರ್ಧ ಹೊರಚಾಚಿದ ಪಾರದರ್ಶಕ ಕೋಶದ ಸಿಪ್ಪೆ ಕಾಣುತ್ತದೆ. ತಲೆಯ ಮುಂದಿನ ಪುಟ್ಟ ಕೊಂಬುಗಳು, ಹೊಟ್ಟೆಯ ಮೇಲಿನ ಮುಳ್ಳಿನ ಸಾಲು ಅದರಲ್ಲೇ ಉಳಿದಿರುತ್ತವೆ. ಆ ಸಿಪ್ಪೆಯನ್ನು ಬಿಸಾಡಬೇಡಿ, ಅದೇ ಕಣೆಯ ನೊಣದ ಜೊತೆ ಒಂದೇ ಸಂಖ್ಯೆ ಕೊಟ್ಟಿಡಿ. ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಆ ಕೊಂಬಿನ ಆಕಾರ ಬಹಳ ನೆರವಾಗುತ್ತದೆ.

ಕಣೆಯಿಂದ ಬಂದದ್ದೆಲ್ಲ ಕಣೆ ಮಾಡಿದ್ದಲ್ಲ. ನಾಲ್ಕು ರೆಕ್ಕೆ, ಮೊಣಕೈಯಂತೆ ಬಾಗಿದ ಮೀಸೆ ಇದ್ದರೆ ಅದು ಪ್ಲಾಟಿಗ್ಯಾಸ್ಟರ್‌ನಂಥ ಪರಾವಲಂಬಿ ಕಣಜ. ಕಣೆ ನೊಣಕ್ಕೆ ಎರಡೇ ರೆಕ್ಕೆ, ಮಣಿ ಪೋಣಿಸಿದಂಥ ಉದ್ದ ಮೀಸೆ.

ಸ್ಲೈಡ್‌ಗೆ ಮುಂಚೆ ನೊಣ ಮೈ ಗಟ್ಟಿಯಾಗಲು ಕೆಲವು ಗಂಟೆ ಬಿಡಿ, ಆದರೆ ತೀರಾ ತಡಮಾಡಬೇಡಿ, ಅದರ ಆಯುಷ್ಯವೇ ಒಂದೆರಡು ದಿನ. ರೆಕ್ಕೆ ಬಿಡಿಸಿಕೊಂಡು ಉಳಿದ ಮೈಯನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ. ಕುದಿಸಿದರೆ ಮೀಸೆಯ ಮೇಲಿನ ಕುಣಿಕೆಯಂಥ ಸೂಕ್ಷ್ಮ ಎಳೆಗಳು ಹಾಳಾಗುತ್ತವೆ. ನೀರಿನಲ್ಲಿ ತೊಳೆದು, 70, 80, 95, 100% ಆಲ್ಕೋಹಾಲ್‌ನಲ್ಲಿ ಹತ್ತತ್ತು ನಿಮಿಷ ದಾಟಿಸಿ, ಲವಂಗದೆಣ್ಣೆಗೆ ಇಟ್ಟು ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸಿ. ಹಾಲಿನಂತೆ ಬೆಳ್ಳಗಾದರೆ ನೀರಿನಂಶ ಉಳಿದಿದೆ ಎಂದರ್ಥ, 100%ಕ್ಕೆ ಮರಳಿಸಿ. ಗಂಡಿನ ಜನನಾಂಗವನ್ನು ಕತ್ತರಿಸಿ ಬೆನ್ನು ಮೇಲಾಗಿ, ಬೇರೆ ಕವರ್‌ಸ್ಲಿಪ್ ಕೆಳಗೆ ಇಡಿ. ಓರೆಯಾದರೆ ಅದರ ಇಕ್ಕಳದ (ಹೆಣ್ಣನ್ನು ಹಿಡಿಯುವ ಭಾಗ) ಅಗಲ ತಪ್ಪಾಗಿ ಕಂಡು ಇಲ್ಲದ ವ್ಯತ್ಯಾಸ ಹುಟ್ಟುತ್ತದೆ.

ಗಂಡಿನ ಇಕ್ಕಳ, ಮೀಸೆಯ ಕುಣಿಕೆ, ಬಾಯಿಯ ಪಕ್ಕದ ಪುಟ್ಟ ಸ್ಪರ್ಶಾಂಗವಾದ ಪಾಲ್ಪ್‌ನ ಖಂಡಗಳ ಎಣಿಕೆ, ಕಾಲುಗುರಿನ ಹಲ್ಲು, ಹೆಣ್ಣಿನ ಮೊಟ್ಟೆನಾಳ, ಬಲಿತ ಮರಿಹುಳುವಿನ ಎದೆಯಡಿಯ ಕಂದು ಗಟ್ಟಿ ಪಟ್ಟಿ (ಸ್ಪಾಟುಲಾ): ಇಷ್ಟನ್ನೂ ಅಳೆದು ಚಿತ್ರ ಬಿಡಿಸಿ. ಒಂದೇ ನೊಣ ಅಳೆದು ಬರೆಯಬೇಡಿ, ಸಿಕ್ಕಷ್ಟು ಗಂಡು ಹೆಣ್ಣು ಅಳೆದು ಕನಿಷ್ಠ, ಗರಿಷ್ಠ ಎರಡನ್ನೂ ಕೊಡಿ. ಗಾತ್ರ, ಬಣ್ಣಗಳನ್ನು ನೆಚ್ಚಬೇಡಿ. ಸೊರಗಿದ ಗಿಡದ ನೊಣ ಚಿಕ್ಕದಿರಬಹುದು, ಹೊಟ್ಟೆಯ ಕೆಂಪು ಆಲ್ಕೋಹಾಲ್‌ನಲ್ಲಿ ಮಾಸುತ್ತದೆ. ಪ್ರಭೇದ ಗುರುತಿಸಲು ಬಳಸುವ ಸಿಓಐ ಎಂಬ ಜೀನ್‌ನ 658 ಅಕ್ಷರಗಳ ಡಿಎನ್‌ಎ ತುಣುಕನ್ನು ಹೋಲಿಸಿ ನೋಡಿ, ಆದರೆ ಆ ಶೇಕಡಾ ಅಂತರವೊಂದನ್ನೇ ಹಿಡಿದು ಹೆಸರಿಡುವುದು ಸರಿಯಲ್ಲ. ಅಂತರ ದೇಹದಲ್ಲೂ ಕಾಣಬೇಕು, ಹಳೆಯ ಟೈಪ್ ಮಾದರಿಗಳ (ಹೆಸರಿಡುವಾಗ ಆಧಾರವಾಗಿಟ್ಟವು) ಜೊತೆ ಹೋಲಿಸಿರಬೇಕು.

ಹೊಸದೆಂದು ಖಚಿತವಾದರೆ ಒಂದೇ ಮಾದರಿಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಮಾದರಿ) ಎಂದು ಗೊತ್ತುಮಾಡಿ, ಎಲ್ಲಿಡುತ್ತೀರೆಂದು ಪ್ರಬಂಧದಲ್ಲಿ ಬರೆಯಿರಿ. ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿ ಒಪ್ಪಿಸುವುದು ಕಡ್ಡಾಯ. ಚೀಟಿಯಲ್ಲಿ ಬರೀ ‘ರಾಯಚೂರು’ ಎಂದು ಬರೆದರೆ ಸಾಲದು. ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ದಿನಾಂಕ, ಜೊತೆಗೆ ‘ಭತ್ತದ ತೆಂಡೆ’ಯೋ ‘ಬದುವಿನ ಕರಿಕೆ’ಯೋ ಎಂಬುದೂ ಇರಲಿ.