ಫೋನ್ ಯಾವ ಟವರ್ ಹಿಡಿದಿದೆ? 256ರಿಂದ ಭಾಗಿಸಿ ನೋಡಿ

ಮಹಡಿ ಮೇಲೆ ನಿಂತರೆ ಎದುರಿಗೇ ಟವರ್ ಕಾಣುತ್ತದೆ, ಆದರೂ ಸಿಗ್ನಲ್ ಒಂದೇ ಕಡ್ಡಿ. ಆ ಕಂಬದ ಮೇಲೆ ನಿಮ್ಮ ಕಂಪನಿಯ ಆಂಟೆನಾ ಇಲ್ಲದೆಯೂ ಇರಬಹುದು. ಫೋನ್ ಹಿಡಿದಿರುವುದು ಯಾವುದನ್ನು ಎಂದು ತಿಳಿಯಲು ಅದು ಕೇಳಿಸಿಕೊಳ್ಳುತ್ತಿರುವ ಅಂಕಿಗಳನ್ನು ಓದಬೇಕು.

ಆಂಡ್ರಾಯ್ಡ್‌ನಲ್ಲಿ ಡಯಲರ್ ತೆರೆದು *#*#4636#*#* ಒತ್ತಿ, ಫೋನ್ ಮಾಹಿತಿಗೆ ಹೋಗಿ. ಕೆಲವು ತಯಾರಕರು ಇದನ್ನು ಮುಚ್ಚಿಟ್ಟಿರುತ್ತಾರೆ. ಆಗ ನೆಟ್‌ಮಾನ್‌ಸ್ಟರ್ ಆ್ಯಪ್ ಸಾಕು. ಲೊಕೇಶನ್ ಅನುಮತಿ ಕೊಟ್ಟು, ಲೊಕೇಶನ್ ಆನ್ ಇಡಬೇಕು, ಇಲ್ಲದಿದ್ದರೆ ಪರದೆ ಖಾಲಿ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಅದುಮಿ. ಎರಡು ಸಿಮ್ ಇದ್ದರೆ ಯಾವ ಸಿಮ್‌ನ ವಿವರ ನೋಡುತ್ತಿದ್ದೀರಿ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಮೊದಲ ಅಂಕಿಗಳು ನೆಟ್‌ವರ್ಕ್‌ನವು. ದೇಶದ ಸಂಕೇತ ಮೂರಂಕಿ. ಭಾರತದಲ್ಲಿ 404 ಅಥವಾ 405 ಕಾಣುತ್ತದೆ. ಅದರ ಹಿಂದೆಯೇ ಕಂಪನಿಯ ಸಂಕೇತ. ನಮ್ಮಲ್ಲಿ ಇದು ಸರ್ಕಲ್‌ಗೊಂದು (ಟೆಲಿಕಾಂ ಸೇವೆಗೆ ದೇಶವನ್ನು ಹಂಚಿದ ವಲಯಕ್ಕೊಂದು) ಬೇರೆ: ಕರ್ನಾಟಕದಲ್ಲಿ ಏರ್‌ಟೆಲ್ 404-45, ಬಿಎಸ್‌ಎನ್‌ಎಲ್ 404-71, ವೊಡಾಫೋನ್‌ನಿಂದ ವಿಐಗೆ ಬಂದದ್ದು 404-86, ಜಿಯೋ 405-861. ಕಂಪನಿ ಸಂಕೇತ ಎಲ್ಲೆಡೆ ಎರಡಂಕಿಯೇ ಎಂದುಕೊಂಡವರು ಜಿಯೋ ಹತ್ತಿರ ಎಡವುತ್ತಾರೆ. ಮೊಬೈಲ್ ಸಂಖ್ಯೆಯ ಮೊದಲ ಅಂಕಿಗಳಿಂದ ಕಂಪನಿ ಹೇಳುವ ಕಾಲವಂತೂ 2011ರಲ್ಲಿ ಪೋರ್ಟಿಂಗ್ ದೇಶಕ್ಕೆಲ್ಲ ಬಂದಾಗಲೇ ಮುಗಿಯಿತು.

ಈಗ ಮುಖ್ಯ ವಿಷಯ. ಪರದೆಯಲ್ಲಿ ಕಾಣುವ ಸೆಲ್ ಐಡಿ ಟವರ್‌ನ ಸಂಖ್ಯೆ ಎಂದು ಬಹಳ ಜನ ತಿಳಿಯುತ್ತಾರೆ. ಅದು ಒಂದು ಸೆಲ್‌ನ, ಅಂದರೆ ಟವರ್ ಒಂದು ದಿಕ್ಕಿಗೆ ಒಂದು ಬ್ಯಾಂಡ್‌ನಲ್ಲಿ (ತರಂಗಾಂತರ ಪಟ್ಟಿಯಲ್ಲಿ) ಕೊಡುವ ಸಿಗ್ನಲ್‌ನ ಸಂಖ್ಯೆ. ಸಾಮಾನ್ಯ ಟವರ್‌ನಲ್ಲಿ ಆಂಟೆನಾಗಳು ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ, ಪ್ರತಿ ದಿಕ್ಕಿನಲ್ಲೂ ಪ್ರತಿ ಬ್ಯಾಂಡ್‌ಗೆ ಒಂದು ಸೆಲ್. ಮೂರು ಬ್ಯಾಂಡ್ ಇದ್ದರೆ ಒಂದೇ ಕಂಬದಲ್ಲಿ ಒಂಬತ್ತು ಸೆಲ್.

4ಜಿಯಲ್ಲಿ ಈ ಸಂಖ್ಯೆ 28 ಬಿಟ್‌ನದು (ಬಿಟ್ ಎಂದರೆ 0 ಅಥವಾ 1ರ ಒಂದು ಸ್ಥಾನ): ಮೊದಲ 20 ಬಿಟ್ ಟವರ್‌ನಲ್ಲಿರುವ ಬೇಸ್ ಸ್ಟೇಷನ್‌ಗೆ, ಕೊನೆಯ 8 ಸೆಲ್‌ಗೆ. 8 ಬಿಟ್‌ನಲ್ಲಿ 256 ಸಂಖ್ಯೆಗಳು ಹಿಡಿಯುತ್ತವೆ. ಹಾಗಾಗಿ 256ರಿಂದ ಭಾಗಿಸಿ. ಉದಾಹರಣೆಗೆ 53848338 ಎಂದಿದ್ದರೆ ಭಾಗಲಬ್ಧ 210345 ಬೇಸ್ ಸ್ಟೇಷನ್‌ನದು, ಶೇಷ 18 ಸೆಲ್‌ನದು. ನಾಲ್ಕು ಹೆಜ್ಜೆ ಆಚೆ 53848339 ಬಂದರೆ ಗಾಬರಿ ಬೇಡ, ಭಾಗಲಬ್ಧ ಅದೇ. ಸೆಲ್ ಮಾತ್ರ ಬದಲಾಗಿದೆ. 3ಜಿಯಲ್ಲಿ ಉದ್ದ ಸಂಖ್ಯೆಯನ್ನು 65536ರಿಂದ ಭಾಗಿಸಬೇಕು, ಆದರೆ ಅಲ್ಲಿ ಸಿಗುವ ಭಾಗಲಬ್ಧ ಹಲವಾರು ಟವರ್‌ಗಳನ್ನು ನಿಯಂತ್ರಿಸುವ ಕೇಂದ್ರದ್ದು. ಟಿಎಸಿ ಎಂಬ ಇನ್ನೊಂದು ಅಂಕಿ ಟವರ್‌ಗಳ ಗುಂಪಿನದು, ನಮ್ಮ ಹುಡುಕಾಟಕ್ಕೆ ಅಷ್ಟಾಗಿ ಬೇಡ.

ಪಿಸಿಐ ಎಂಬುದನ್ನೂ ನೋಡಿ, ಅಕ್ಕಪಕ್ಕದ ಸೆಲ್‌ಗಳನ್ನು ಫೋನ್ ಬೇರೆಬೇರೆಯಾಗಿ ಗುರುತಿಸಲು ಕೊಟ್ಟ ಚಿಕ್ಕ ಸಂಖ್ಯೆ ಅದು. 4ಜಿಯಲ್ಲಿ 0ಯಿಂದ 503ರವರೆಗೆ ಮಾತ್ರ ಇರುವುದರಿಂದ ಊರೂರಿಗೆ ಮರುಕಳಿಸುತ್ತದೆ. ಇದೊಂದನ್ನೇ ನಂಬಿ ಟವರ್ ಗುರುತಿಸಿದರೆ ಕೆಟ್ಟಿರಿ. ಆದರೆ ಒಂದೇ ಟವರ್‌ನ ಮೂರು ದಿಕ್ಕುಗಳಿಗೆ 120, 121, 122 ಎಂಬಂತೆ ಅಕ್ಕಪಕ್ಕದ ಸಂಖ್ಯೆ ಕೊಡುವ ರೂಢಿ ಇದೆ. ಅನುಮಾನ ಬಂದ ಟವರ್‌ನ ಸುತ್ತ ಒಂದು ಸುತ್ತು ಹಾಕಿ: ಭಾಗಲಬ್ಧ ಹಾಗೇ ಉಳಿದು ಪಿಸಿಐ ಮಾತ್ರ ಬದಲಾಗುತ್ತ ಹೋದರೆ ಅದೇ ನಿಮ್ಮ ಟವರ್. ಕೆಲವು ಫೋನ್‌ಗಳು ಟೈಮಿಂಗ್ ಅಡ್ವಾನ್ಸ್ ತೋರಿಸುತ್ತವೆ, ಸಿಗ್ನಲ್ ಹೋಗಿಬರುವ ಸಮಯದಿಂದ ಟವರ್ ದೂರವನ್ನು ಅಂದಾಜಿಸುವ ಅಂಕಿ ಅದು. 4ಜಿಯಲ್ಲಿ ಒಂದೊಂದು ಅಂಕಿಗೂ ಸುಮಾರು 78 ಮೀಟರ್ ದೂರ. ಗೋಡೆಗೆ ಬಡಿದು ಬಂದ ಸಿಗ್ನಲ್ ದೂರವನ್ನು ಹೆಚ್ಚಿಸಿ ತೋರಿಸುತ್ತದೆ. ಸೆಲ್‌ಮ್ಯಾಪರ್‌ನಂಥ ನಕ್ಷೆಯಲ್ಲಿನ ಚುಕ್ಕೆ ಸಾಮಾನ್ಯವಾಗಿ ಜನರ ಫೋನ್‌ಗಳಿಂದ ಲೆಕ್ಕ ಹಾಕಿದ ಅಂದಾಜು. ಅದಕ್ಕೆ ಹೋಲಿಸಲು ಸರ್ಕಾರದ ತರಂಗ ಸಂಚಾರ್ ಜಾಲತಾಣದಲ್ಲಿ ಟವರ್‌ಗಳ ಜಾಗ ನೋಡಬಹುದು.

2147483647 ಎಂಬ ಅಂಕಿ ಕಂಡರೆ ಅದು ಯಾವ ಟವರೂ ಅಲ್ಲ, ಫೋನ್‌ಗೆ ಮಾಹಿತಿ ಸಿಕ್ಕಿಲ್ಲ ಎಂದರ್ಥ. ನೆರೆಯ ಸೆಲ್‌ಗಳ ಪಟ್ಟಿಯಲ್ಲಿ ಪಿಸಿಐ ಮತ್ತು ಚಾನೆಲ್ ಸಂಖ್ಯೆ ಮಾತ್ರ ಇರುವುದೂ ದೋಷವಲ್ಲ, ಪೂರ್ಣ ಐಡಿ ಸಿಗುವುದು ಫೋನ್ ಹಿಡಿದ ಸೆಲ್‌ನದು ಮಾತ್ರ. 4ಜಿಯ ಆಸರೆಯಲ್ಲಿ ನಡೆಯುವ 5ಜಿಯಲ್ಲೂ ಹೀಗೇ: ಮೇಲೆ 5ಜಿ ಎಂದು ಬರೆದಿದ್ದರೂ ಪೂರ್ಣ ಐಡಿ 4ಜಿ ಸೆಲ್‌ನದು. ಅಂಕಿ ಬದಲಾಗದೆ ನಿಂತಂತಿದ್ದರೆ ಏರೋಪ್ಲೇನ್ ಮೋಡ್ ಹತ್ತು ಸೆಕೆಂಡ್ ಹಾಕಿ ತೆಗೆಯಿರಿ.

ಕಂಪನಿಗೆ ದೂರು ಬರೆಯುವಾಗ "ಸಿಗ್ನಲ್ ಇಲ್ಲ" ಎನ್ನುವ ಬದಲು ದಿನಾಂಕ, ಸಮಯ, ಪೂರ್ಣ ಸೆಲ್ ಐಡಿ, ಪಿಸಿಐ, ಬ್ಯಾಂಡ್ ಮತ್ತು ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲ, ಡಿಬಿಎಂನಲ್ಲಿ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕೊಡಿ. ಆರ್‌ಎಸ್‌ಆರ್‌ಪಿ -85ರ ಆಸುಪಾಸಿನಲ್ಲಿದ್ದೂ ಇಂಟರ್‌ನೆಟ್ ತೆವಳುತ್ತಿದ್ದರೆ ಟವರ್‌ನಲ್ಲಿ ಜನಜಂಗುಳಿ ಇರಬಹುದು. -115ಕ್ಕಿಂತ ಕೆಳಗಿಳಿದರೆ ಸಿಗ್ನಲ್ಲೇ ನಿಮ್ಮ ಮನೆ ತನಕ ಸರಿಯಾಗಿ ತಲುಪುತ್ತಿಲ್ಲ.